ಒಲೆ ಹಚ್ಚದ ಮೂರು ದಿನ

ಲತಾ ಮಲ್ಲತ್ತಹಳ್ಳಿಗೆ ಸೊಸೆಯಾಗಿ ಬಂದಾಗ ಇಪ್ಪತ್ತೊಂದು ವರ್ಷ. ಈಗ ನಲವತ್ತೇಳು. ನಡುವಿನ ಇಪ್ಪತ್ತಾರು ವರ್ಷಗಳಲ್ಲಿ ಏಳು ಕುಕ್ಕರುಗಳು ಅವಳ ಕೈಯಲ್ಲಿ ಸವೆದು ಹಳೇ ಪಾತ್ರೆಯವನ ಮೂಟೆ ಸೇರಿದ್ದವು. ಎಂಟನೆಯದು ಸಿಡಿಯಿತು.

ಸಿಡಿಯುವುದಕ್ಕೆ ಕಾರಣವಿತ್ತು. ಮುಚ್ಚಳದ ಸೇಫ್ಟಿ ವಾಲ್ವಿನಿಂದ ಹಬೆ ಸೋರುತ್ತಿತ್ತು. ಹೊಸದು ತನ್ನಿ ಎಂದು ಅವಳು ಗಂಡನಿಗೆ ನಾಲ್ಕು ಸಲ ಹೇಳಿದ್ದಳು. ಗಂಡ ಕಾಂತರಾಜು, ಅಪ್ಪನ ರಾಗಿ ಹೊಲದ ಜಾಗದಲ್ಲಿ ಎದ್ದ ನಾಲ್ಕು ಮಹಡಿಯ ಕಟ್ಟಡವನ್ನು ನೋಡಿಕೊಂಡಿರುವವನು. ಬಾಡಿಗೆದಾರರ ನಲ್ಲಿ, ಸ್ವಿಚ್ಚು ರಿಪೇರಿ ಮಾಡಿ ಮಾಡಿ ಅವನಿಗೆ ತನ್ನ ಕೈಯ ಮೇಲೆ ಬಹಳ ನಂಬಿಕೆ. ನಲ್ಲಿ ಪೈಪಿಗೆ ಮೆತ್ತುವ ಅಂಟನ್ನೇ ವಾಲ್ವಿಗೂ ಮೆತ್ತಿ, "ಇನ್ನು ಹತ್ತು ವರ್ಷ ಅಲ್ಲಾಡಲ್ಲ" ಅಂದ. ಅಂಟು ಅಲ್ಲಾಡಲಿಲ್ಲ, ನಿಜ. ಫೆಬ್ರುವರಿಯ ಒಂದು ಬೆಳಿಗ್ಗೆ ಎಂಟು ಗಂಟೆಗೆ ಮುಚ್ಚಳವೇ ಹಾರಿ ಅಡುಗೆಮನೆಯ ಪಿಒಪಿ ಸೀಲಿಂಗಿನಲ್ಲಿ ಹೋಗಿ ನಾಟಿಕೊಂಡಿತು. ಬೇಳೆ ಕ್ಯಾಲೆಂಡರಿನ ಮೇಲೆ, ಫ್ರಿಜ್ಜಿನ ಮೇಲೆ, ಲತಾಳ ಎಡಗೈ ಮೇಲೆ ಬಿತ್ತು. ಮಾವ ಮುನಿವೆಂಕಟಪ್ಪನವರಿಗೆ ಎಂಬತ್ತಮೂರು, ಕಿವಿ ಮಂದ. ಅವರು ನಿಧಾನವಾಗಿ ಬಾಗಿಲಿಗೆ ಬಂದು, ಮೂಲೆಯಲ್ಲಿ ಮುದುರಿ ಕೂತಿದ್ದ ಸೊಸೆಯನ್ನು ನೋಡಿ, "ಬೆಂತೇನಮ್ಮ?" ಎಂದು ಕೇಳಿದರು.

ಕೈಯ ಗಾಯ ತಿಂಗಳಲ್ಲಿ ಮಾಯಿತು. ಮಾಯದೆ ಉಳಿದದ್ದು ಇನ್ನೊಂದು. ಎಲ್ಲೇ ಕುಕ್ಕರು ಕೂಗಲಿ, ಲತಾಳ ಮೈ ಮರಗಟ್ಟುತ್ತಿತ್ತು. ಉಸಿರು ಗಂಟಲಲ್ಲಿ ನಿಲ್ಲುತ್ತಿತ್ತು, ಕೈ ತಾನಾಗಿ ತಲೆಯನ್ನು ಮುಚ್ಚಿಕೊಳ್ಳುತ್ತಿತ್ತು, ಕಣ್ಣೆದುರು ಮತ್ತೆ ಅದೇ ಬೇಳೆ ಹಾರುತ್ತಿತ್ತು. ಆ ಕಟ್ಟಡದ ನೆಲಮಹಡಿಯಲ್ಲಿ ಇವರ ಮನೆ, ಮೇಲೆ ಬಾಡಿಗೆಗೆ ಎಂಟು ಸಂಸಾರ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಅದು ರೈಲು ನಿಲ್ದಾಣ.

ಹಾಗಾಗಿ ಅವಳು ಆರೂಕಾಲಿಗೇ ಮನೆ ಬಿಟ್ಟು ಮಲ್ಲತ್ತಹಳ್ಳಿ ಕೆರೆಗೆ ಹೋಗತೊಡಗಿದಳು. ಕೆರೆಯ ಸುತ್ತ ಏಳು ಸುತ್ತು. ಪ್ರತಿದಿನ ವಾಕಿಂಗ್ ಬರುವವರು, "ಏನ್ ಆಂಟಿ, ಮ್ಯಾರಥಾನ್‌ಗೆ ರೆಡಿ ಆಗ್ತಿದೀರಾ?" ಎನ್ನುತ್ತಿದ್ದರು. ಅವಳು ನಾಲ್ಕು ಕೆಜಿ ಇಳಿದಳು. ನೆಂಟರೆಲ್ಲ ಹೊಗಳಿದರು. ಮನೆಯಲ್ಲಿ ಬೆಳಿಗ್ಗೆ ಕೂರಲು ಹೆದರುವ ಹೆಂಗಸು ಇಷ್ಟು ಚೆನ್ನಾಗಿ ಕಾಣಬಹುದೆಂದು ಯಾರಿಗೂ ಗೊತ್ತಿರಲಿಲ್ಲ.

ಕಾಂತರಾಜು ಸುಮ್ಮನೆ ಕೂತಿರಲಿಲ್ಲ. ಗೇಟಿಗೆ ಒಂದು ಬೋರ್ಡು ಹಾಕಿದ: "ಬೆಳಗಿನ ಹೊತ್ತು ಕುಕ್ಕರ್ ಕೂಗಿಸಬಾರದು. ಇಂತಿ ಮಾಲೀಕರು." ಎರಡನೇ ಮಹಡಿಯ ಹುಡುಗ ಬಂದು, "ಅಂಕಲ್, ಕುಕ್ಕರ್‌ನ ಸೈಲೆಂಟ್‌ಗೆ ಹಾಕೋದು ಹೆಂಗೆ?" ಅಂದ. ಮೇಲಿನ ಮಹಡಿಯ ಗದಗಿನ ಲಕ್ಷ್ಮಿ, "ನಮ್ದು ರೊಟ್ಟಿರೀ ಅಣ್ಣಾರ. ರೊಟ್ಟಿ ಬಡಿಯೋ ಸಪ್ಪಳ ನಡಿತೈತೇನ್ರಿ, ಅದಕ್ಕೂ ಬೋರ್ಡ್ ಐತೇನು?" ಎಂದು ಕೇಳಿ ಹೋದಳು. ಅಷ್ಟೆಲ್ಲ ಓಡಾಡಿದ ಕಾಂತರಾಜುವಿಗೆ ಅನ್ನವನ್ನು ತಾನೇ ಒಂದು ಪಾತ್ರೆಯಲ್ಲಿ ಬೇಯಿಸಿ ಬಸಿಯಬಹುದೆಂಬ ಉಪಾಯ ಮಾತ್ರ ಹೊಳೆಯಲಿಲ್ಲ. ದಿನಾ ಇಡ್ಲಿ ತಂದ.

ಕೊನೆಗೆ ಮಗಳು ವಚನಾ, ಬಿಕಾಂ ಓದುತ್ತಿರುವವಳು, ಅಮ್ಮನನ್ನು ವಿಜಯನಗರದಲ್ಲಿ ಕನ್ನಡಕದ ಅಂಗಡಿಯ ಮೇಲಿದ್ದ ಒಂದು ಆಪ್ತಸಮಾಲೋಚನೆಯ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಇಂಚರಾ ಎಂಬ ಹುಡುಗಿ, ಇಪ್ಪತ್ತೆಂಟು ವರ್ಷ ಇರಬಹುದು, ಎಲ್ಲವನ್ನೂ ಕೇಳಿಸಿಕೊಂಡಳು.

"ಪೆಟ್ಟು ತಿಂದ ಮನಸ್ಸು ಕೆಟ್ಟದ್ದನ್ನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ ಮೇಡಂ. ಒಳ್ಳೇದು ಮಸುಕಾಗಿಬಿಡುತ್ತೆ," ಅಂದಳು. "ಸಿಡಿದಿದ್ದರ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಂದು ಒಳ್ಳೆ ನೆನಪು ತಗೊಳ್ಳೋಣ. ಕಣ್ಣು ಮುಚ್ಚಿ, ಈಗ ನಡೀತಾ ಇದೆ ಅನ್ನೋ ಹಾಗೆ ಹೇಳಿ. ಏನು ಕಾಣಿಸ್ತು, ಏನು ವಾಸನೆ, ಕೈಗೇನು ತಾಗ್ತು. ಆಗ ನಿಮ್ಮ ಬಗ್ಗೆ ನಿಮಗೇ ಏನನ್ನಿಸ್ತು."

ಲತಾ ಕಣ್ಣು ಮುಚ್ಚಿ ತನ್ನ ಮದುವೆಯನ್ನು ನೆನೆದಳು. ಸೀರೆ, ಮಲ್ಲಿಗೆ ದಂಡೆ, ಪಕ್ಕದಲ್ಲಿ ಬೆವರುತ್ತಿದ್ದ ಕಾಂತರಾಜು. ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ಜನ ಉಡುಗೊರೆ ಕೊಡಲು ಸಾಲಾಗಿ ಬಂದರು. ಆ ವರ್ಷ ಮದುವೆಗೆ ಎಲ್ಲರೂ ಕುಕ್ಕರು ಕೊಡುತ್ತಿದ್ದರು. ಒಂದು, ಎರಡು, ಐದು, ಒಂಬತ್ತು ಡಬ್ಬ, ಒಂದರ ಮೇಲೊಂದು, ಅವಳ ಭುಜದ ಎತ್ತರಕ್ಕೆ. ಲತಾ ಕಣ್ಣು ಬಿಟ್ಟು ನೀರು ಕೇಳಿದಳು.

"ಪರವಾಗಿಲ್ಲ, ಬೇರೆ ತಗೊಳ್ಳೋಣ," ಅಂದಳು ಇಂಚರಾ.

ವಚನಾಳ ನಾಮಕರಣ. ತೊಟ್ಟಿಲು, ಮಗುವಿನ ಕಾಲಂದಿಗೆ. ಒಳಗೆ ಹತ್ತು ಲೀಟರಿನ ಕುಕ್ಕರಿನಲ್ಲಿ ಕಡಲೆಬೇಳೆ. ಧರ್ಮಸ್ಥಳದ ಪ್ರವಾಸ. ಟೆಂಪೋ ಟ್ರಾವೆಲರು, ಕಿಟಕಿಯ ಗಾಳಿ, ಕಾಲಿನ ಹತ್ತಿರ ಗೋಣಿಚೀಲದಲ್ಲಿ ಸುತ್ತಿದ ಕುಕ್ಕರು. ದಾರಿಯಲ್ಲಿ ಹಳ್ಳದ ಪಕ್ಕ ಹದಿನಾಲ್ಕು ಜನಕ್ಕೆ ಪಲಾವು. ನೆಂಟರ ಗೃಹಪ್ರವೇಶ. ಇಂಚರಾ ಪೆನ್ನು ಕೆಳಗಿಟ್ಟಳು. ಒಂದು ಗಂಟೆಯಲ್ಲಿ ಅವಳು ಒಂಬತ್ತು ಒಳ್ಳೆಯ ನೆನಪು ಬರೆದುಕೊಂಡು ಒಂಬತ್ತನ್ನೂ ಹೊಡೆದುಹಾಕಿದ್ದಳು.

"ಒಂದು ಕೆಲಸ ಮಾಡಿ. ಮನೆಯವರನ್ನ ಕೇಳಿ. ನೀವು ಮರೆತಿರೋದು ಅವರಿಗೆ ನೆನಪಿರಬಹುದು."

ಮನೆಯವರು ಪಟ್ಟಿ ಮಾಡಲು ಹುರುಪಿನಿಂದ ಕೂತರು. ಅವರಿಗೆಲ್ಲ ಲತಾಳ ಒಳ್ಳೆಯ ನೆನಪುಗಳು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವು.

"ಬರ್ಕೋ," ಅಂದ ಕಾಂತರಾಜು. "ನಮ್ಮ ಪಿತೃಪಕ್ಷಕ್ಕೆ ಮುನ್ನೂರು ಜನ ಬಂದಾಗ ನಿನ್ನ ಮಟನ್ ಸಾರನ್ನ ಎಮ್ಮೆಲ್ಲೆ ಕಡೆಯೋರು ಹೊಗಳಿದ್ದು."

"ನಾನು ಆಸ್ಪತ್ರೆಯಿಂದ ಬಂದ ದಿವ್ಸ," ಅಂದರು ಮುನಿವೆಂಕಟಪ್ಪನವರು, "ಕಾಲ್ ಸೂಪ್ ಮಾಡಿದ್ದಳು. ಆಹಾ."

"ಎಸ್ಸೆಲ್ಸಿ ರಿಸಲ್ಟ್ ದಿನ ಬಿಸಿಬೇಳೆಬಾತ್," ಎಂದಳು ವಚನಾ. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

"ಈಗ ಭಯ ಹತ್ತರಲ್ಲಿ ಎಷ್ಟು ಲತಾ?" ಎಂದು ಕಾಂತರಾಜು ಪಟ್ಟಿ ಮುಗಿಸಿ ಕೇಳಿದ. ಇಂಚರಾ ಭಯಕ್ಕೆ ಅಂಕ ಕೊಡುವುದನ್ನು ಕಲಿಸಿದ್ದಳು. ಅವನಿಗೆ ಆ ವಿಧಾನ ಹಿಡಿಸಿತ್ತು.

"ಒಂಬತ್ತು."

"ಬೆಳಿಗ್ಗೆ ಎಂಟಿತ್ತಲ್ಲ," ಅಂದ. "ಆರಕ್ಕಿಳಿದ್ರೆ ಅನ್ನ ಒಂದು ಇಡಬಹುದಲ್ವಾ? ಸಾರು ಐದಕ್ಕೆ ಬಂದಾಗ ನೋಡೋಣ."

ಮುಂದಿನ ವಾರ ಲತಾ ಒಬ್ಬಳೇ ವಿಜಯನಗರಕ್ಕೆ ಹೋದಳು. ಇಂಚರಾ ಮನೆಯವರ ಪಟ್ಟಿಯನ್ನು ಓದಿ, ಮಡಚಿ, ಡ್ರಾಯರಿನೊಳಗೆ ಹಾಕಿದಳು. "ಇವು ಅವರ ನೆನಪುಗಳು. ನಿಮ್ಮದು ಒಂದೂ ಇಲ್ವಾ? ಒಂದೇ ಒಂದು?"

"ಒಂದಿದೆ," ಅಂದಳು ಲತಾ. "ಹೇಳಬಾರದು."

"ಇಲ್ಲಿ ಹೇಳಬಹುದು."

"ನಮ್ಮತ್ತೆ ಸತ್ತಿದ್ದು."

ಇಂಚರಾ ಅಲ್ಲಾಡಲಿಲ್ಲ. ಹಾಗೆ ಅಲ್ಲಾಡದಿರುವುದಕ್ಕೆ ಅವಳು ಎರಡು ವರ್ಷ ಓದಿದ್ದಳು.

ಅತ್ತೆ ಮುನಿತಾಯಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಕೆಟ್ಟವರೇನಲ್ಲ. ಲತಾಳಿಗೆ ಅವರ ಮೇಲೆ ಪ್ರೀತಿಯೇ ಇತ್ತು, ಅತ್ತದ್ದೂ ಸುಳ್ಳಲ್ಲ. ಆದರೆ ಸಾವಿನ ಮನೆಯಲ್ಲಿ ಮೂರನೇ ದಿನ ಹಾಲುತುಪ್ಪ ಬಿಡುವವರೆಗೆ ಒಲೆ ಹಚ್ಚುವಂತಿಲ್ಲ. ಊಟ ನೆಂಟರ ಮನೆಯಿಂದ ಬರಬೇಕು. ಬಂದವರೇ ಬಡಿಸಬೇಕು, ಬಂದವರೇ ಪಾತ್ರೆ ತೊಳೆದುಕೊಂಡು ಹೋಗಬೇಕು. ಅಡುಗೆಮನೆಯ ಬಾಗಿಲು ಎಳೆದುಕೊಂಡಿತ್ತು. ಲತಾ ಹಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದಳು. ಸೊಸೆ ದುಃಖದಲ್ಲಿದ್ದಾಳೆ ಎಂದು ಯಾರೂ ಅವಳನ್ನು ಏಳಿಸಲಿಲ್ಲ.

"ನೆಲ ತಣ್ಣಗಿತ್ತು," ಅಂದಳು ಕಣ್ಣು ಮುಚ್ಚಿ. "ಸಾಂಬ್ರಾಣಿ ವಾಸನೆ. ಬೆಳಿಗ್ಗೆ ಎಂಟು ಗಂಟೆಗೆ ಬಿಸಿಲು ನಮ್ಮ ಹಾಲಿನಲ್ಲಿ ಟಿವಿ ಪಕ್ಕದ ಗೋಡೆ ಮೇಲೆ ಬೀಳುತ್ತೆ. ಕಿಟಕಿ ಸರಳಿನ ನೆರಳು ಉದ್ದಕ್ಕೆ ಬೀಳುತ್ತೆ. ಇಪ್ಪತ್ತು ವರ್ಷದಿಂದ ಆ ಮನೇಲಿದ್ದೆ, ನನಗೆ ಗೊತ್ತಿರಲಿಲ್ಲ. ಆ ಹೊತ್ತಲ್ಲಿ ನಾನು ಯಾವತ್ತೂ ಹಾಲಿಗೆ ಬಂದಿರಲಿಲ್ಲ. ಆಮೇಲೆ ಯಾರೋ ಎಲೆ ಹಾಕಿದರು. ಸಾರು ಬಿಸಿ ಇತ್ತು. ನಾನು ಮಾಡಿದ್ದಲ್ಲದ ಸಾರು. ಉಪ್ಪು ಸ್ವಲ್ಪ ಮುಂದಾಗಿತ್ತು. ಅದು ನನ್ನ ತಪ್ಪಲ್ಲ ಅಂತ ಎಷ್ಟು ಖುಷಿಯಾಯ್ತು ಅಂದ್ರೆ, ಇನ್ನೊಂದು ಸಲ ಹಾಕಿಸಿಕೊಂಡೆ."

ಕನ್ನಡಕದ ಅಂಗಡಿಯ ಹಿಂದೆ ಒಂದು ಮೆಸ್ಸಿತ್ತು. ಅಲ್ಲಿಯ ದೊಡ್ಡ ಕುಕ್ಕರು ಆ ಹೊತ್ತಿಗೆ ಕೂಗಿತು. ಇಂಚರಾ ಗಾಬರಿಯಿಂದ ಕಿಟಕಿಯ ಕಡೆ ನೋಡಿದಳು. ಲತಾ ಮಾತು ಮುಂದುವರಿಸಿದಳು. ಮುಗಿದ ಮೇಲೆ ಇಂಚರಾ ಹೇಳಿದಾಗಲೇ ಅವಳಿಗೆ ಗೊತ್ತಾದದ್ದು, ಕುಕ್ಕರು ನಾಲ್ಕು ಸಲ ಕೂಗಿತ್ತು. ಭಯದ ಅಂಕ ಕೇಳಿದಾಗ ಲತಾ ಮೂರು ಅಂದಳು, ಅಂದು ತಾನೇ ಬೆಚ್ಚಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಹೆಗಲು ಕೆಳಗಿಳಿದಿತ್ತು.

"ನಮ್ಮ ದಾರಿ ಇದೇ," ಅಂದಳು ಇಂಚರಾ. "ಆ ಮೂರು ದಿನದಲ್ಲಿದ್ದ ಏನಾದ್ರೂ ಈಗ ಮನೆಗೆ ತರೋಕಾಗುತ್ತಾ?"

"ತರಬಹುದು. ನಮ್ಮ ಮಾವನಿಗೆ ಎಂಬತ್ತಮೂರು."

ಇಂಚರಾ ಕೆಮ್ಮಿದಳು. "ಸಾವು ಬಿಟ್ಟು, ಉಳಿದಿದ್ದು. ಆದ್ರೆ ಇನ್ನೊಂದು ವಿಷಯ. ಇದನ್ನ ನನಗೆ ಹೇಳಿದ್ರೆ ಮಾತ್ರ ಸಾಲಲ್ಲ. ನಿಮಗೆ ಭಯ ಆಗೋದು ಮನೇಲಿ. ಅಲ್ಲಿ ಯಾರಾದ್ರೂ ಒಬ್ಬರಿಗೆ ಇದನ್ನ ಬಾಯಿಬಿಟ್ಟು ಹೇಳ್ಬೇಕು. ಆಗ್ಲೇ ಆ ನೆನಪು ಆ ಮನೇಲಿ ನಿಲ್ಲೋದು."

ಲತಾ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದಳು. ಕಾಂತರಾಜು ಇವತ್ತಿಗೂ ಬೆಳಿಗ್ಗೆ ಅವ್ವನ ಫೋಟೋಕ್ಕೆ ಕೈಮುಗಿಯದೆ ಕಾಫಿ ಕುಡಿಯುವವನಲ್ಲ. ನಿಮ್ಮವ್ವ ಸತ್ತ ಮೂರು ದಿನ ನನ್ನ ಬಾಳಿನ ಒಳ್ಳೆಯ ದಿನಗಳು ಎಂದು ಅವನಿಗೆ ಹೇಳುವುದು ಹೇಗೆ? ಹೇಳದಿದ್ದರೆ ಕೆರೆಯ ಸುತ್ತ ತಿರುಗುತ್ತ ಮುದುಕಿಯಾಗಬೇಕು.

ಇಂಚರಾ ಕೊಟ್ಟ ಚೀಟಿಯಲ್ಲಿ ಅತ್ತೆಯ ಮಾತಿರಲಿಲ್ಲ. "ಮೂರು ದಿನ ಮನೆಯಲ್ಲಿ ಒಲೆ ಹಚ್ಚಬಾರದು. ಬೆಳಗಿನ ಹೊತ್ತು ಲತಾ ಅವರು ಹಾಲಿನಲ್ಲಿ ಕೂತೇ ಇರಬೇಕು, ಕಣ್ಣು ಮುಚ್ಚಿ ನೆನಪನ್ನು ಅಭ್ಯಾಸ ಮಾಡಬೇಕು. ಬೇರೆಯವರು ಊಟ ತಂದು ಬಡಿಸಬೇಕು" ಎಂದಷ್ಟೇ ಇತ್ತು. ಕಾಂತರಾಜು ಅದನ್ನು ಆ್ಯಂಟಿಬಯಾಟಿಕ್ಕಿನ ಚೀಟಿಯಂತೆ ಎರಡು ಸಲ ಓದಿ ಫ್ರಿಜ್ಜಿಗೆ ಅಂಟಿಸಿದ. ಸೋಮವಾರದಿಂದ ಶುರು ಎಂದು ನಿಶ್ಚಯವಾಯಿತು. ಮೂರು ದಿನವೂ ಹೋಟೆಲಿನಿಂದ ತರಿಸುತ್ತೇನೆ ಅಂದ.

ಮುನಿವೆಂಕಟಪ್ಪನವರು ಒಪ್ಪಲಿಲ್ಲ. "ಒಲೆ ಹಚ್ಚದ ಮನೆಗೆ ಹೋಟ್ಲು ಊಟ ತರಬಾರ್ದು ಕಣೋ. ನೆಂಟ್ರ ಮನೆಯಿಂದ ಬರ್ಬೇಕು. ಪದ್ಧತಿ." ಪದ್ಧತಿ ಯಾವುದಕ್ಕೆ ಎಂಬುದನ್ನು ಅವರು ಆ ಹೊತ್ತಿಗೆ ಮರೆತಿದ್ದರು, ಪದ್ಧತಿ ಮಾತ್ರ ನೆನಪಿತ್ತು. ಸೋಮವಾರ ಬೆಳಿಗ್ಗೆ ಆರೂವರೆಗೆ ಉಲ್ಲಾಳದಲ್ಲಿರುವ ಮಗಳು ಮುನಿರತ್ನಮ್ಮನಿಗೆ ಫೋನ್ ಮಾಡಿದರು.

"ರತ್ನಾ, ಇವತ್ತಿಂದ ಮೂರು ದಿವ್ಸ ನಮ್ಮನೇಲಿ ಒಲೆ ಹಚ್ಚಲ್ಲ. ಲತಾಂದು. ಡಾಕ್ಟ್ರು ಹೇಳ್ಬಿಟ್ರು. ಊಟ ನೀನೇ ತರ್ಬೇಕು." ಆ ಕಡೆಯ ಮಾತು ಹೇಗೂ ಕೇಳಿಸುವುದಿಲ್ಲವಾದ್ದರಿಂದ ಫೋನಿಟ್ಟರು.

ಇಂಥ ಸುದ್ದಿ ಬಂದಾಗ ಯಾರೂ ವಾಪಸು ಫೋನ್ ಮಾಡಿ ವಿಚಾರಿಸುವುದಿಲ್ಲ, ಮುಂದಕ್ಕೆ ಫೋನ್ ಮಾಡುತ್ತಾರೆ. ಏಳೂವರೆಯ ಹೊತ್ತಿಗೆ ಉಲ್ಲಾಳ, ಕೆಂಗೇರಿ, ಕಾಮಾಕ್ಷಿಪಾಳ್ಯದ ನೆಂಟರಿಗೆಲ್ಲ ಲತಾ ತೀರಿಕೊಂಡಿದ್ದಳು.

ಲತಾ ಅಂದು ಕೆರೆಗೆ ಹೋಗಿರಲಿಲ್ಲ. ಚೀಟಿಯಲ್ಲಿದ್ದಂತೆ ಹಾಲಿನಲ್ಲಿ ಗೋಡೆಗೊರಗಿಸಿದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಕಾಂತರಾಜು ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದರಿಂದ ಮೇಲಿನ ಮನೆಗಳ ಕುಕ್ಕರುಗಳು ಇನ್ನೂ ಕೂಗಿರಲಿಲ್ಲ. ಯಾವ ಕ್ಷಣದಲ್ಲಿ ಕೂಗುತ್ತವೋ ಎಂದು ಬೆನ್ನು ಬೆವರುತ್ತಿತ್ತು. ಕಾಂತರಾಜು ಸ್ನಾನದಲ್ಲಿದ್ದ. ಮಾವ ಪೇಪರು ಓದುತ್ತಿದ್ದರು. ಆಗ ರಸ್ತೆಯ ತಿರುವಿನಿಂದ ಒಂದು ದನಿ ಕೇಳಿಸಿತು.

"ಅಯ್ಯೋ ನನ್ ಲತಾ, ಬಂಗಾರದಂಗೆ ಮುದ್ದೆ ತಿರುವ್ತಿದ್ದಲ್ಲೇ. ನೂರು ಜನ ಬಂದ್ರೂ ಮುಖ ಸಿಂಡರಿಸ್ದೆ ಇಕ್ತಿದ್ದಲ್ಲೇ. ನನ್ ತಮ್ಮಂಗೆ ಇನ್ಯಾರೇ ಬೇಯ್ಸಾಕೋರು? ನಮ್ಮಪ್ಪನ ಪಂಚೆ ಇನ್ಯಾರೇ ಒಗೆಯೋರು?"

ಲತಾ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಅಳುವಿನಲ್ಲಿ ಉಪ್ಪಿನಕಾಯಿ ಬಂತು, ಹಪ್ಪಳ ಬಂತು, ಬಾಣಂತಿಯರ ನೀರು ಬಂತು. ಲತಾಳ ನಗು, ಲತಾಳ ಮಾತು, ಲತಾಳಿಗೇನಿಷ್ಟ ಎಂಬುದು ಬರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಬಂದ ಹನ್ನೊಂದು ಜನ, ಹಾಲಿನಲ್ಲಿ ಕುರ್ಚಿಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿ ಕೂತ ಹೆಂಗಸನ್ನು ಕಂಡರು. ಅವರಲ್ಲಿ ಹೆಣವನ್ನು ಕೂರಿಸುವುದು ಹಾಗೆಯೇ. ಯಾರಿಗೂ ಅನುಮಾನ ಬರಲಿಲ್ಲ. ಮುನಿರತ್ನಮ್ಮ ಮುಂದೆ ಬಂದು ಸುಗಂಧರಾಜದ ಹಾರ ಹಾಕಿದಳು.

"ತಣ್ಣಗಿದೆ ಅತ್ತಿಗೆ," ಅಂದಳು ಲತಾ, ಕಣ್ಣು ಬಿಟ್ಟು.

ಮುನಿರತ್ನಮ್ಮನ ಅಳು ಅರ್ಧಕ್ಕೆ ನಿಂತಿತು. ಹಿಂದಿದ್ದ ಒಬ್ಬರು ಎರಡು ಹೆಜ್ಜೆ ಹಿಂದೆ ಸರಿದು, ಅವಳು ತಂದಿಟ್ಟಿದ್ದ ಉಪ್ಪಿಟ್ಟಿನ ಪಾತ್ರೆಗೆ ತಗುಲಿದರು. ತಲೆ ಒರೆಸಿಕೊಳ್ಳುತ್ತ ಬಂದ ಕಾಂತರಾಜು ಟವೆಲ್ಲಿನಲ್ಲೇ ನಿಂತ.

"ಬದುಕಿದೀಯಾ?" ಎಂದಳು ಮುನಿರತ್ನಮ್ಮ.

"ಹೂಂ."

"ಮತ್ತೆ ಒಲೆ ಯಾಕೆ ಹಚ್ಚಿಲ್ಲ?"

ಲತಾ ಉತ್ತರ ಕೊಡುವ ಮೊದಲೇ ಅವಳು ತಮ್ಮನ ಕಡೆ ತಿರುಗಿದಳು. "ಮನೇಲಿ ಹೆಂಗಸು ಗುಂಡುಕಲ್ಲಂಗೆ ಕೂತವ್ಳೆ, ಒಲೆ ಹಚ್ಚಿಲ್ಲ. ಇದ್ಯಾವ ನ್ಯಾಯ ಕಣೋ? ಆರೂವರೆಯಿಂದ ಅತ್ತು ಅತ್ತು ನನ್ ಗಂಟ್ಲು ಹೋಯ್ತು."

"ಟ್ರೀಟ್ಮೆಂಟ್ ಅಕ್ಕ," ಅಂದ ಕಾಂತರಾಜು ಫ್ರಿಜ್ಜಿನ ಕಡೆ ಕೈ ತೋರಿಸಿ. "ಡಾಕ್ಟ್ರಮ್ಮ ಬರೆದವ್ರೆ. ಯಾವ್ದೋ ಒಳ್ಳೆ ನೆನಪಂತೆ. ನಂಗೂ ಹೇಳಿಲ್ಲ."

"ಒಲೆ ಹಚ್ಚದೆ ಇರೋದು ಯಾವ ಒಳ್ಳೆ ನೆನಪೇ? ಸಾವಿನ ಮನೇಲಿ ಮಾತ್ರ—" ಮುನಿರತ್ನಮ್ಮ ಅಲ್ಲಿಗೆ ನಿಲ್ಲಿಸಿ ಲತಾಳನ್ನು ನೋಡಿದಳು.

ಹನ್ನೊಂದು ಜನವೂ ನೋಡಿದರು. ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಾಳೆಯಿಂದ ಮತ್ತೆ ಕೆರೆ. ಲತಾ ಹಾರವನ್ನು ತೆಗೆಯಲು ಕೂಡ ಮರೆತು ಗಂಡನ ಮುಖವನ್ನೇ ನೋಡುತ್ತ ಹೇಳಿದಳು.

"ಅತ್ತೆ ಹೋದಾಗ ಒಲೆ ಹಚ್ಚದ ಆ ಮೂರು ದಿನ. ನನಗಿರೋದು ಅದೊಂದೇ."

ಕಾಂತರಾಜು ಟವೆಲ್ಲಿನ ಗಂಟು ಹಿಡಿದುಕೊಂಡ. "ಅವ್ವ ಸತ್ತಾಗ? ಆ ಮೂರು ದಿನ ನಾನು ಬಿದ್ದು ಬಿದ್ದು ಅಳ್ತಿದ್ದೆ ಲತಾ."

"ಗೊತ್ತು. ನಿಮ್ಮ ಪಕ್ಕದಲ್ಲೇ ಇದ್ದೆ. ನಿಮ್ಮ ಭುಜ ನನ್ನ ಭುಜಕ್ಕೆ ತಾಗ್ತಿತ್ತು. ಮದುವೆಯಾದ ಮೇಲೆ ಅಷ್ಟು ಹೊತ್ತು ನಿಮ್ಮ ಪಕ್ಕ ಕೂತಿದ್ದು ಅವತ್ತೊಂದೇ ಸಲ. ಅತ್ತೆ ಹೋಗಿದ್ದು ಖುಷಿ ಅಲ್ಲ. ಯಾರೂ ನನ್ನನ್ನ ಏಳು ಅನ್ನಲಿಲ್ಲ."

ಕಾಂತರಾಜು ಗೋಡೆಯ ಮೇಲಿನ ಅವ್ವನ ಫೋಟೋವನ್ನು ನೋಡಿದ. ಸಿಟ್ಟು ಬರಬೇಕಿತ್ತು, ಬಂತೂ ಕೂಡ, ಆದರೆ ಟವೆಲ್ಲಿನಲ್ಲಿ ನಿಂತು ಸಿಟ್ಟು ಮಾಡುವುದು ಹೇಗೆಂದು ತಿಳಿಯದೆ ಅದು ಎಲ್ಲೋ ಸಿಕ್ಕಿಕೊಂಡಿತು.

"ನೋಡು ಎಂಥ ಮಾತಾಡ್ತಾಳೆ," ಎಂದು ಮುನಿರತ್ನಮ್ಮ ಶುರು ಮಾಡಿದಳು. ಹಿಂದೆ ನಿಂತಿದ್ದ ಕೆಂಗೇರಿಯ ಚಿಕ್ಕಮ್ಮ, ಅರವತ್ತು ದಾಟಿದವರು, ಯಾರನ್ನೂ ನೋಡದೆ, "ನಮ್ ಮಾವ ಹೋದಾಗ ಪುಳಿಯೋಗರೆ ಬಂದಿತ್ತು. ಆ ತರದ್ದು ಮತ್ತೆ ತಿಂದಿಲ್ಲ ನಾನು," ಅಂದರು. ಯಾರೋ ನಕ್ಕರು. ಇನ್ನೊಬ್ಬಳು, "ನಮ್ಗೆ ಚಪಾತಿ ಸಾಗು. ನಿದ್ದೆ ಬಂದಿದ್ದೂ ಆಗ್ಲೇ," ಅಂದಳು. ಹೆಂಗಸರು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಮನೆಯ ಸಾವುಗಳಲ್ಲಿ ಬಂದ ಊಟಗಳನ್ನು ನೆನೆದರು. ಬಾಗಿಲ ಹೊರಗಿದ್ದ ಗಂಡಸರು ಚಪ್ಪಲಿ ಹಾಕಿಕೊಳ್ಳಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದರು. ಮುನಿವೆಂಕಟಪ್ಪನವರು ಪೇಪರು ಮಡಚಿ, "ಯಾರು ಹೋಗಿದ್ದು?" ಎಂದು ವಿಚಾರಿಸಿದರು.

ಮುನಿರತ್ನಮ್ಮನಿಗೂ ಅತ್ತೆಯಿದ್ದಳು, ಅವಳಿಗೂ ಮೂರು ದಿನ ಸಿಕ್ಕಿದ್ದವು. ಕೊನೆಗೆ ಪಾತ್ರೆಯ ಮುಚ್ಚಳ ತೆಗೆದು, ತಟ್ಟೆಗೆ ಉಪ್ಪಿಟ್ಟು ಹಾಕಿ, ಲತಾಳ ಮಡಿಲಿಗೆ ಕೊಟ್ಟಳು. "ತಿನ್ನು. ನಿಂಗೆ ಅಂತ್ಲೇ ಮಾಡಿದ್ದು. ಗೋಡಂಬಿ ಬೇರೆ ಹಾಕಿದೀನಿ."

ಲತಾ ಮೊದಲ ತುತ್ತು ಬಾಯಿಗಿಡುವಾಗ ಮೇಲಿನಿಂದ ಕುಕ್ಕರು ಕೂಗಿತು.

ಅವಳ ಕೈ ಅಲ್ಲೇ ನಿಂತಿತು. ಉಪ್ಪಿಟ್ಟು ಸೀರೆಯ ಮೇಲೆ, ಹಾರದ ಮೇಲೆ ಉದುರಿತು. ಕಾಂತರಾಜು ಟವೆಲ್ಲನ್ನು ಬಿಗಿ ಮಾಡಿಕೊಂಡು ಮೆಟ್ಟಿಲ ಕಡೆ ಹೊರಟ. "ಎಷ್ಟು ಸಲ ಹೇಳಿದೀನಿ ಆ ನನ್ಮಕ್ಳಿಗೆ—"

"ಹೋಗ್ಬೇಡಿ," ಅಂದಳು ಲತಾ. ಹಲ್ಲು ಕಚ್ಚಿದ್ದಳು. "ಇಲ್ಲಿ ಕೂತ್ಕೊಳ್ಳಿ."

"ನೀನು ನಡುಗ್ತಾ ಇದೀಯ."

"ನಡುಗ್ಲಿ. ನೀವು ಕೂತ್ಕೊಳ್ಳಿ."

ಅವನು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಅವನ ಒದ್ದೆ ಭುಜ ಅವಳ ಮೊಣಕಾಲಿಗೆ ತಾಗಿತು. ಕುಕ್ಕರು ಎರಡನೇ ಸಲ ಕೂಗಿತು. ಲತಾ ಟಿವಿ ಪಕ್ಕದ ಗೋಡೆಯನ್ನು ನೋಡುತ್ತ ಉಸಿರನ್ನು ಒಳಗೆಳೆದು ಹೊರಗೆ ಬಿಟ್ಟಳು.

ಮೂರನೆಯದು ಬಂತು, ಉದ್ದವಾಗಿ. ಅವಳ ಕಣ್ಣಲ್ಲಿ ನೀರಿಳಿಯಿತು. ಎದ್ದು ಓಡಲಿಲ್ಲ. ಬಿದ್ದ ಉಪ್ಪಿಟ್ಟನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗೆ ಹಾಕಿದಳು. ಆಮೇಲೆ ತಟ್ಟೆಯನ್ನು ಮುಂದೆ ಚಾಚಿ, "ಇನ್ನೊಂಚೂರು ಹಾಕಿ ಅತ್ತಿಗೆ," ಅಂದಳು.